‘ತೆಹರಾನಿನಿಂದ ನೇರ ಫಾರ್ಸಿ ತರಗತಿ’ ಎಂಬ ಜಾಹೀರಾತು ಕಂಡರೆ ದುಡ್ಡು ಕಟ್ಟಬೇಡಿ

ಆನ್‌ಲೈನ್‌ನಲ್ಲಿ ಫಾರ್ಸಿ, ಅಂದರೆ ಇರಾನಿನ ಪರ್ಷಿಯನ್ ಭಾಷೆ, ಕಲಿಯಲು ಹೊರಟಿರುವವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿಬಿಡಿ. ‘ತೆಹರಾನಿನಿಂದ ನೇರ ತರಗತಿ, ಇರಾನಿ ಶಿಕ್ಷಕಿ, ಆರು ತಿಂಗಳಲ್ಲಿ ಓದು, ಬರಹ, ಮಾತು ಎಲ್ಲವೂ’ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿದ್ದರೆ ಮುಟ್ಟಬೇಡಿ. ನನ್ನ 18,500 ರೂಪಾಯಿ ನೀರುಪಾಲಾಗಿದೆ. ದುಡ್ಡಿನ ಸಂಕಟ ಒಂದು ಕಡೆ ಇರಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ತಲೆ ಎತ್ತಿ ಕೂರದ ಹಾಗೆ ಮಾಡಿದರಲ್ಲ, ಅದಕ್ಕೆ ನನ್ನ ಸಿಟ್ಟು.

ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ. ಅಲ್ಲದೆ ಅವರು ಅಂಗಿ ಬದಲಿಸಿದ ಹಾಗೆ ಹೆಸರು ಬದಲಿಸುತ್ತಾರೆ, ಹೆಸರು ತಿಳಿದು ನಿಮಗೆ ಪ್ರಯೋಜನವೂ ಇಲ್ಲ. ಅವರ ಆಟ ಹೇಗೆ ನಡೆಯುತ್ತದೆ ಎಂಬುದು ತಿಳಿಯಲಿ.

ನಾನು ವಿಜಯಪುರದಲ್ಲಿ ಇತಿಹಾಸ ಪಾಠ ಮಾಡುವವಳು. ಈ ಊರಿನಲ್ಲಿ ಇತಿಹಾಸ ಓದಿದವರಿಗೆ ಫಾರ್ಸಿ ಬಾರದಿದ್ದರೆ ಎಷ್ಟು ಕಷ್ಟ ಎಂಬುದು ಗೊತ್ತೇ ಇದೆ. ಇಲ್ಲಿ ಆಳಿದ ಆದಿಲ್‌ಶಾಹಿ ಸುಲ್ತಾನರ ಫರ್ಮಾನುಗಳು, ಅಂದರೆ ರಾಜಾಜ್ಞೆಗಳು, ಫಾರ್ಸಿಯಲ್ಲಿ, ಇತಿಹಾಸಕಾರ ಫಿರಿಶ್ತಾ ಇಲ್ಲೇ ಸುಲ್ತಾನ ಎರಡನೇ ಇಬ್ರಾಹಿಮನ ಆಶ್ರಯದಲ್ಲಿ ಬರೆದ ಇತಿಹಾಸ ಫಾರ್ಸಿಯಲ್ಲಿ, ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲಿನ ಬರಹವೂ ಫಾರ್ಸಿಯಲ್ಲಿ. ಆ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯ ಬೆಲೆ ಇದೆ, ಅಲ್ಲಿನ ಒಂದೊಂದು ಸಾಲಿನ ಅಕ್ಷರಗಳ ಬೆಲೆ ಕೂಡಿಸಿದರೆ ಹಿಜರಿ 1067 ಬರುತ್ತದೆ, ಅಂದರೆ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ 1656. ವರ್ಷ ವರ್ಷವೂ ವಿದ್ಯಾರ್ಥಿಗಳನ್ನು ಆ ಬಾಗಿಲ ಕೆಳಗೆ ನಿಲ್ಲಿಸಿ ಇದನ್ನು ಹೇಳುತ್ತೇನೆ, ಒಂದಕ್ಷರ ಓದಲು ಬಾರದೆ ಹೇಳುತ್ತೇನೆ. ಇನ್ನೊಬ್ಬರ ಇಂಗ್ಲಿಷ್ ಅನುವಾದವನ್ನೇ ನೆಚ್ಚಿಕೊಂಡು ಎಷ್ಟು ದಿನ? ಅದಕ್ಕೇ ಕಲಿಯಲು ಹೊರಟೆ.

ಜಾಹೀರಾತು ಬಹಳ ಅಚ್ಚುಕಟ್ಟಾಗಿತ್ತು. 2024ರ ಜನವರಿಯಲ್ಲಿ ವಿದೇಶಾಂಗ ಸಚಿವ ಜೈಶಂಕರ್ ತೆಹರಾನಿಗೆ ಹೋದಾಗ, ಹೊಸ ಶಿಕ್ಷಣ ನೀತಿಯ ಒಂಬತ್ತು ಶಾಸ್ತ್ರೀಯ ಭಾಷೆಗಳಲ್ಲಿ ಫಾರ್ಸಿಯನ್ನೂ ಸೇರಿಸುತ್ತೇವೆ ಎಂದು ಹೇಳಿದ್ದರಲ್ಲ, ಆ ಸುದ್ದಿಯ ತುಣುಕನ್ನು ಮೇಲೆ ಅಂಟಿಸಿದ್ದರು. ಸರ್ಕಾರ ಇವರ ಕೋರ್ಸಿಗೇ ಮುದ್ರೆ ಒತ್ತಿದೆಯೇನೋ ಎನ್ನುವ ಹಾಗೆ. ಕೆಳಗೆ ಶಿಕ್ಷಕಿಯ ಚಿತ್ರ, ಆಕೆಯ ಹಿಂದೆ ಪುಸ್ತಕದ ಕಪಾಟು. ಮೂವತ್ತು ಸಾವಿರದ ಕೋರ್ಸ್, ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ 18,500. ಈ ರಾತ್ರಿ ಹನ್ನೆರಡರ ಕಥೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಕಟ್ಟುವಾಗ ಒಬ್ಬ ವ್ಯಕ್ತಿಯ ಸ್ವಂತ ಯುಪಿಐ ಸಂಖ್ಯೆ ಕೊಟ್ಟರು. ಸಂಸ್ಥೆಯ ಖಾತೆ ಎಲ್ಲಿ ಎಂದು ಕೇಳಿದೆ. ಬಂದ ಉತ್ತರ ನೋಡಿ: “ಮೇಡಂ, ಇರಾನಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಯಾವುದೂ ನಡೆಯುವುದಿಲ್ಲ. ಅಮೆರಿಕದ ನಿರ್ಬಂಧ ಇದೆ. ಶಿಕ್ಷಕಿಗೆ ಸಂಬಳ ತಲುಪಿಸಲು ನಾವು ಪಡುವ ಪಾಡು ದೇವರಿಗೇ ಗೊತ್ತು. ಅದಕ್ಕೇ ಸಂಯೋಜಕರ ಖಾತೆ.” ಕಾರ್ಡು ನಡೆಯುವುದಿಲ್ಲ ಎಂಬುದು ನಿಜ. ನಿರ್ಬಂಧವೂ ನಿಜ. ನಿಜದ ಮೇಲೆ ಸುಳ್ಳನ್ನು ಹೀಗೆ ಕೂರಿಸಿದರೆ ಯಾರು ತಾನೇ ಹಿಡಿಯುತ್ತಾರೆ? ಇವರ ಕಸುಬೇ ಇದು. ಆ ದೇಶದ ಜನ ದಿನವೂ ಪಡುವ ಕಷ್ಟಗಳನ್ನು ಇವರು ಇಲ್ಲಿ ಕೂತು ನೆಪ ಮಾಡಿ ಮಾರುತ್ತಾರೆ. ತರಗತಿ ತಪ್ಪಿದರೆ “ತೆಹರಾನಿನಲ್ಲಿ ಇಂಟರ್ನೆಟ್ ಇಲ್ಲ.” 2019ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ದೇಶಕ್ಕೆ ದೇಶವನ್ನೇ ಇಂಟರ್ನೆಟ್ ಇಲ್ಲದೆ ಕೂರಿಸಿದ್ದು ಪತ್ರಿಕೆ ಓದುವವರಿಗೆಲ್ಲ ನೆನಪಿರುತ್ತದೆ. ಹಾಗಾಗಿ ಪಾಪ ಎಂದು ಮರುಗಿದೆ. ಆ ಶಿಕ್ಷಕಿಗಾಗಿ ನಾನು ಮರುಗಿದೆ!

ಮೊದಲು ಅಕ್ಷರಮಾಲೆಯ ಹಾಳೆಗಳು ಬಂದವು. ಬಣ್ಣ ಬಣ್ಣದ ಚಿತ್ರ, ಪ್ರತಿ ಅಕ್ಷರಕ್ಕೂ ಒಂದು ವಸ್ತು. ಅವನ್ನು ಮುದ್ರಿಸಿಕೊಂಡು ಸ್ಟಾಫ್ ರೂಮಿನಲ್ಲಿ ಬಿಡುವಿನ ಅವಧಿಯಲ್ಲಿ ತಿದ್ದುತ್ತಿದ್ದೆ. ನಮ್ಮ ಪ್ರಾಂಶುಪಾಲರು ಒಂದು ಸಮಾರಂಭದಲ್ಲಿ ಮೈಕ್ ಹಿಡಿದು “ಇನ್ನು ಗುಮ್ಮಟದ ಶಾಸನ ಓದಿಸಲು ಯಾರನ್ನೂ ಕರೆಸುವುದು ಬೇಡ, ನಮ್ಮ ಮೇಡಂ ಇದ್ದಾರೆ” ಎಂದೂ ಹೇಳಿಬಿಟ್ಟರು. ಉರ್ದು ಮಾಧ್ಯಮದಲ್ಲಿ ಓದಿದ ಸಹೋದ್ಯೋಗಿಯೊಬ್ಬರು ಬಗ್ಗಿ ನನ್ನ ಹಾಳೆ ನೋಡಿದರು. “ಮೇಡಂ, ತಪ್ಪು ತಿಳಿಯಬೇಡಿ, ಇದು ಫಾರ್ಸಿ ಅಲ್ಲ. ನಾವು ಒಂದನೇ ಇಯತ್ತೆಯಲ್ಲಿ ಓದಿದ ಉರ್ದು ಕಾಯ್ದಾ, ಅಕ್ಷರ ಕಲಿಸುವ ಪುಸ್ತಕ.” ಹೇಗೆ ಎಂದೆ. ಅವರು ಬೆರಳಿಟ್ಟು ತೋರಿಸಿದರು. ಟೇ ಎಂಬ ಅಕ್ಷರದ ಎದುರು ಟೊಮ್ಯಾಟೊ, ಡಾಲ್ ಎಂಬ ಅಕ್ಷರದ ಎದುರು ಡಬ್ಬ. ಫಾರ್ಸಿಯಲ್ಲಿ ನಮ್ಮ ಟ, ಡ ಧ್ವನಿಗಳೇ ಇಲ್ಲ, ಇನ್ನು ಅಕ್ಷರ ಎಲ್ಲಿಂದ? ಅರಬ್ಬಿಯ 28 ಅಕ್ಷರಗಳಿಗೆ ಫಾರ್ಸಿಯವರು ತಮ್ಮ ನಾಲ್ಕು ಸೇರಿಸಿಕೊಂಡು 32 ಮಾಡಿದರು. ಟ, ಡಗಳನ್ನು ಸೇರಿಸಿದ್ದು ಉರ್ದುವಿನವರು, ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಗುರುತು ಇಟ್ಟು. ಅಷ್ಟು ದಿನ ನಾನು ಆ ಸಣ್ಣ ಗುರುತನ್ನು ಎಷ್ಟು ಮುತುವರ್ಜಿಯಿಂದ ತಿದ್ದಿದ್ದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸಂಸ್ಥೆಗೆ ಬರೆದೆ. ಉತ್ತರ: “ಪ್ರಿಯ ಕಲಿಕಾರ್ಥಿ, ಉರ್ದು ಮತ್ತು ಫಾರ್ಸಿ ಅಕ್ಕ ತಂಗಿಯರು. ಹೆಚ್ಚುವರಿ ಅಕ್ಷರಗಳನ್ನು ಬೋನಸ್ ಎಂದು ಭಾವಿಸಿ.” ಬೋನಸ್ಸಂತೆ!

ಇಷ್ಟಾದರೂ ತರಗತಿ ಬಿಡಲಿಲ್ಲ, ಏಕೆಂದರೆ ಶಿಕ್ಷಕಿ ಚೆನ್ನಾಗಿ ಕಲಿಸುತ್ತಿದ್ದರು. ಅದನ್ನು ಇವತ್ತಿಗೂ ಹೇಳುತ್ತೇನೆ. ಸ್ಪಷ್ಟ ಉಚ್ಚಾರಣೆ, ನಗುಮುಖ. ಸಂಸ್ಥೆಯದೇ ಒಂದು ಆ್ಯಪ್, ಅದರಲ್ಲಿ ತರಗತಿ. ಉಳಿದ ವಿದ್ಯಾರ್ಥಿಗಳ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. “ಗೌಪ್ಯತೆಗಾಗಿ ಹೀಗೆ, ನಿಮ್ಮ ಉತ್ತರ ಶಿಕ್ಷಕಿಗೆ ಮಾತ್ರ ಕೇಳಿಸುತ್ತದೆ” ಎಂದಿದ್ದರು. ಆಕೆ ಒಂದು ವಾಕ್ಯ ಹೇಳಿ “ಹಾಲಾ ಶೊಮಾ” ಅನ್ನುತ್ತಿದ್ದರು, ಈಗ ನೀವು ಹೇಳಿ ಎಂದು. ನಾನು ಹೇಳುತ್ತಿದ್ದೆ. ಆಕೆ ಕಿವಿಗೊಟ್ಟು ಕೇಳಿದ ಹಾಗೆ ತಲೆಯಾಡಿಸಿ “ಆಫರೀನ್! ಖೇಲಿ ಖೂಬ್!” ಅನ್ನುತ್ತಿದ್ದರು. ಶಾಭಾಸ್, ತುಂಬ ಚೆನ್ನಾಗಿದೆ. ಈ ವಯಸ್ಸಿನಲ್ಲಿ ಯಾರಿಂದಲಾದರೂ ಶಾಭಾಸ್ ಅನ್ನಿಸಿಕೊಂಡರೆ ಹೇಗಿರುತ್ತದೆ ಹೇಳಿ. ನನ್ನ ತರಗತಿಯಲ್ಲಿ ಸರಿ ಉತ್ತರ ಕೊಟ್ಟ ಹುಡುಗರಿಗೆ ನಾನೂ ಆಫರೀನ್ ಅನ್ನಲು ಶುರು ಮಾಡಿದ್ದೆ.

ಒಂದು ಸಂಜೆ ತರಗತಿಯ ನಡುವೆ ಕುಕ್ಕರ್ ಕೂಗಿತು. ಮೈಕ್ ಆರಿಸಿ ಅಡುಗೆಮನೆಗೆ ಓಡಿದೆ. ಒಲೆ ಆರಿಸಿ ಬರುವಾಗ ಆಕೆ “ಹಾಲಾ ಶೊಮಾ” ಎಂದದ್ದು ಕೇಳಿಸಿತು. ಬಾಗಿಲಲ್ಲೇ ನಿಂತೆ. ನಾನು ಬಾಯಿ ತೆರೆದಿಲ್ಲ, ಮೈಕ್ ಆರಿದೆ, ಕುರ್ಚಿ ಖಾಲಿ ಇದೆ. ಆಕೆ ಅದೇ ರೀತಿ ಕಾದರು, ಅದೇ ರೀತಿ ತಲೆಯಾಡಿಸಿದರು, ಖಾಲಿ ಕುರ್ಚಿಗೆ ನಗುತ್ತಾ “ಆಫರೀನ್! ಖೇಲಿ ಖೂಬ್!”

ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರೋ ಉತ್ತರಿಸಿರಬೇಕು ಎಂದುಕೊಂಡೆ. ಮುಂದಿನ ತರಗತಿಯಲ್ಲಿ ಮೈಕ್ ಹಾಕಿಕೊಂಡು ಕೂತೆ. ಆಕೆ “ಎಸ್ಮೆ ಶೊಮಾ ಚಿಸ್ತ್?” ಎಂದು ಹೆಸರು ಕೇಳಿದರು. ನಾನು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, “ಬದನೆಕಾಯಿ ಎಣ್ಣೆಗಾಯಿ” ಎಂದೆ. “ಆಫರೀನ್!” ಅಂದರು. ಆಮೇಲೆ ಕನ್ನಡದಲ್ಲಿ ಬಾಯಿಗೆ ಬಂದಷ್ಟು ಬೈದೆ. ಅದಕ್ಕೂ ಖೇಲಿ ಖೂಬ್! ಪಕ್ಕದ ಕೋಣೆಯಿಂದ ನಮ್ಮ ಅತ್ತೆ ಎದ್ದು ಬಂದು “ಯಾರ ಜೊತೆ ಜಗಳ ನಿನ್ನದು?” ಎಂದು ಕೇಳಿದರು. ಏನೆಂದು ಹೇಳಲಿ?

ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ ಅದು. ಪಾಠ ಪೂರ್ತಿ ವಿಡಿಯೊ. ನಾನು ಹೇಳಿದ ಒಂದು ಮಾತೂ ತೆಹರಾನಿಗಿರಲಿ, ಪಕ್ಕದ ಊರಿಗೂ ಹೋಗಿರಲಿಲ್ಲ. ಪರದೆಯ ಮೂಲೆಯಲ್ಲಿ ಸದಾ ಒಂದು ಮಸುಕು ಚೌಕ ಇರುತ್ತಿತ್ತು. ಸಹೋದ್ಯೋಗಿಯ ಮಗ ಕೂತು ಹುಡುಕಿದ, ಅದೇ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಕ್ಕವು. ಅದೇ ಶಿಕ್ಷಕಿ, ಅದೇ ಕಪಾಟು, ಮಸುಕು ಚೌಕದ ಜಾಗದಲ್ಲಿ ಆಕೆಯ ಸ್ವಂತ ಹೆಸರು. ತನ್ನ ಪಾಠವನ್ನು ಭಾರತದಲ್ಲಿ ಯಾರೋ 18,500ಕ್ಕೆ ಮಾರುತ್ತಿದ್ದಾರೆ ಎಂಬುದು ಆ ಹೆಣ್ಣುಮಗಳಿಗೆ ಗೊತ್ತಿರಲಿಕ್ಕಿಲ್ಲ.

ಈಗ ಅವರ ಉತ್ತರಗಳು. ಇವನ್ನು ಓದಲೇಬೇಕು.

ನೇರ ತರಗತಿ ಎಂದು ಹೇಳಿ ವಿಡಿಯೊ ಹಾಕಿದ್ದೀರಲ್ಲ ಎಂದಿದ್ದಕ್ಕೆ: “ಮೇಡಂ, ನೇರ ತರಗತಿ ಎಂದರೆ ನೇರವಾಗಿ ನಿಮ್ಮ ಮೊಬೈಲಿಗೆ ಬರುವ ತರಗತಿ.”

ಉತ್ತರ ಕೊಡದಿದ್ದರೂ ಶಾಭಾಸ್ ಅನ್ನುತ್ತಾರಲ್ಲ ಎಂದಿದ್ದಕ್ಕೆ: “ಅದು ಪ್ರೋತ್ಸಾಹದಾಯಕ ಬೋಧನಾ ಕ್ರಮ.”

ಶಿಕ್ಷಕಿಯ ಜೊತೆ ಐದು ನಿಮಿಷ ಮಾತನಾಡಿಸಿ, ಈಗಲೇ ಮಾತನಾಡಿಸಿ ಎಂದು ಪಟ್ಟು ಹಿಡಿದೆ. ಅದು ಆಗಸ್ಟ್ ಮಧ್ಯಭಾಗ. “ಶಿಕ್ಷಕಿ ನವರೋಜ್ ರಜೆಯಲ್ಲಿದ್ದಾರೆ. ಅವರ ಹೊಸ ವರ್ಷ, ದಯವಿಟ್ಟು ಅವರ ಸಂಸ್ಕೃತಿಯನ್ನು ಗೌರವಿಸಿ.” ಇರಾನಿನಲ್ಲಿ ನವರೋಜ್ ಬರುವುದು ಮಾರ್ಚ್ 20 ಅಥವಾ 21ರ ಹೊತ್ತಿಗೆ, ಹಗಲು ರಾತ್ರಿ ಸಮನಾಗುವ ದಿನ. ಆಗಸ್ಟಿನಲ್ಲಿ ಬರುವುದು ನಮ್ಮ ಮುಂಬೈ, ಗುಜರಾತಿನ ಪಾರ್ಸಿಗಳ ಹೊಸ ವರ್ಷ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ತೆಹರಾನಿಗೆ ರಜೆ ಕೊಟ್ಟಿದ್ದಾನೆ ಮಹಾರಾಯ! ಅದನ್ನೇ ಬರೆದು ಕೇಳಿದೆ. ಎರಡು ನೀಲಿ ಗೆರೆ ಬಿತ್ತು, ಓದಿದ್ದಾನೆ, ಉತ್ತರ ಇಲ್ಲ. ಮಾರನೆಯ ದಿನ ಇನ್ನೊಬ್ಬ: “ಇವತ್ತು ಭಾನುವಾರ, ತೆಹರಾನ್ ಕಚೇರಿಗೆ ರಜೆ.” ಇರಾನಿನಲ್ಲಿ ವಾರದ ರಜೆ ಶುಕ್ರವಾರ, ಭಾನುವಾರ ಅಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವ ದಿನ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಓದಿಕೊಂಡಿರಬೇಕು.

ದುಡ್ಡು ವಾಪಸ್ ಕೊಡಿ ಎಂದೆ. “ಶುಲ್ಕ ಮರುಪಾವತಿ ಇಲ್ಲ. ಬೇಕಾದರೆ ನಿಮ್ಮ ಸೀಟನ್ನು ಸಂಬಂಧಿಕರಿಗೆ ವರ್ಗಾಯಿಸಿಕೊಡುತ್ತೇವೆ.” ನನಗಾದದ್ದು ಸಾಲದೆಂದು ಸಂಬಂಧಿಕರಿಗೂ! ಅದರ ಬೆನ್ನಿಗೇ ಇನ್ನೊಂದು ಸಂದೇಶ: ಮತ್ತೆ 2,500 ಕಟ್ಟಿದರೆ ತೆಹರಾನಿನ ವಿಶ್ವವಿದ್ಯಾಲಯವೊಂದರ ಮುದ್ರೆಯಿರುವ ಪ್ರಮಾಣಪತ್ರವನ್ನು ಈ ವಾರವೇ ಕಳುಹಿಸುತ್ತಾರಂತೆ, ಪರೀಕ್ಷೆ ಬೇಡವಂತೆ. ಮಾದರಿ ಪ್ರತಿಯನ್ನೂ ಕಳುಹಿಸಿದ್ದರು. ಸಹೋದ್ಯೋಗಿ ನೋಡಿ ಮುದ್ರೆಯಲ್ಲೂ ಟ ಇದೆ ಎಂದರು.

ಕೊನೆಗೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದರು.

1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿದ್ದೇನೆ. ಬ್ಯಾಂಕಿನವರು “ನೀವೇ ಒಪ್ಪಿ ಕಳುಹಿಸಿದ ದುಡ್ಡು” ಎಂದು ಕೈ ತೊಳೆದುಕೊಂಡರು. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವಳಿದ್ದೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಅಂಜಿ ಸುಮ್ಮನಿರಬೇಡಿ. ಸಂದೇಶಗಳನ್ನು ಅಳಿಸಬೇಡಿ, ನನ್ನ ಹತ್ತಿರ ಬೋನಸ್ ಸಮೇತ ಎಲ್ಲವೂ ಭದ್ರವಾಗಿದೆ.

ಫಾರ್ಸಿ ಕಲಿಯುವುದೇ ಬೇಡ ಎನ್ನುತ್ತಿಲ್ಲ. ದೆಹಲಿಯ ಇರಾನ್ ಕಲ್ಚರ್ ಹೌಸ್‌ನವರು ಫಾರ್ಸಿ ತರಗತಿ ನಡೆಸುತ್ತಾರೆ, ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲಿ, ಜೆಎನ್‌ಯುನಲ್ಲಿ ಫಾರ್ಸಿ ವಿಭಾಗಗಳಿವೆ, ಅಲ್ಲಿ ವಿಚಾರಿಸಿ. ಯಾರೇ ಆಗಲಿ, ಕಲಿಸುತ್ತೇವೆ ಎಂದರೆ ಮೊದಲು ಯಾವ ಫಾರ್ಸಿ ಎಂದು ಕೇಳಿ. ತೆಹರಾನಿನ ಆಡುಮಾತೇ, ದರಿ ಎಂದು ಕರೆಯುವ ಕಾಬೂಲಿನ ಫಾರ್ಸಿಯೇ, ಹಳೆಯ ಗ್ರಂಥ ಓದುವ ಫಾರ್ಸಿಯೇ? ಬರೆಯುವಾಗ ನಾನ್ ಎಂದಿರುವ ರೊಟ್ಟಿ ತೆಹರಾನಿನವರ ಬಾಯಲ್ಲಿ ನೂನ್ ಆಗುತ್ತದೆ, ಶಾಸನ ಓದುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಎಲ್ಲವನ್ನೂ ಕಲಿಸುತ್ತೇವೆ ಎಂದರೆ ಫೋನ್ ಇಡಿ. ದುಡ್ಡು ಕಟ್ಟುವ ಮುಂಚೆ ಶಿಕ್ಷಕರ ಬಾಯಲ್ಲಿ ನಿಮ್ಮ ಹೆಸರು ಹೇಳಿಸಿ. ನನ್ನ ಹೆಸರನ್ನು ಆಕೆ ಒಮ್ಮೆಯೂ ಹೇಳಿರಲಿಲ್ಲ.

ಉಚಿತ ಪಾಠಗಳನ್ನೇ ಈಗ ಮೊದಲಿನಿಂದ ನೋಡುತ್ತಿದ್ದೇನೆ, ಸಹೋದ್ಯೋಗಿ ಅಕ್ಷರ ತಿದ್ದಿಸುತ್ತಿದ್ದಾರೆ. ಹುಡುಗರು ಮಾತ್ರ ನಾನು ಕಾರಿಡಾರಿನಲ್ಲಿ ಹೋಗುವಾಗ ಹಿಂದಿನಿಂದ ಆಫರೀನ್ ಅನ್ನುವುದನ್ನು ಬಿಟ್ಟಿಲ್ಲ.

ಇದನ್ನು ಇವತ್ತೇ ಬರೆಯಲು ಕಾರಣ ಇದೆ. ನಿನ್ನೆ ನಮ್ಮ ತಂಗಿಯ ಮೊಬೈಲಿಗೆ ಹೊಸ ಜಾಹೀರಾತು ಬಂದಿದೆ: ‘ಇಸ್ತಾಂಬುಲಿನಿಂದ ನೇರ ಟರ್ಕಿಶ್ ತರಗತಿ.’ ಸಂಸ್ಥೆಯ ಹೆಸರು ಬೇರೆ, ಶಿಕ್ಷಕಿಯ ಹೆಸರು ಬೇರೆ, ಚಿತ್ರದಲ್ಲಿರುವುದು ಮಾತ್ರ ಅದೇ ಕಪಾಟಿನ ಮುಂದೆ ಕೂತ ಅದೇ ಇರಾನಿ ಹೆಣ್ಣುಮಗಳು. ಯುಪಿಐ ಸಂಖ್ಯೆಯೂ ಅದೇ. ನಾವಿಬ್ಬರೂ ಅದರ ಮೇಲೆ ದೂರು ಒತ್ತಿದ್ದೇವೆ, ನಿಮಗೂ ಬಂದಿದ್ದರೆ ನೀವೂ ಒತ್ತಿ. ಈಗಾಗಲೇ ದುಡ್ಡು ಕಟ್ಟಿದವರಿದ್ದರೆ ಪಾವತಿಯ ಚಿತ್ರ ಇಟ್ಟುಕೊಂಡು ನನಗೆ ತಿಳಿಸಿ, ಆಯೋಗಕ್ಕೆ ಒಟ್ಟಿಗೇ ಹೋಗೋಣ.