ಹೆಸರುಬೇಳೆ ಪಾಯಸಕ್ಕೆ ಅಂಗಡಿಯ ಕಾಯಿಹಾಲು: ಪ್ಯಾಕೋ, ಡಬ್ಬಿಯೋ, ಪುಡಿಯೋ?

ಹೆಸರುಬೇಳೆ ಪಾಯಸವನ್ನು ವೀಗನ್ (ಹಾಲು, ತುಪ್ಪದಂಥ ಪ್ರಾಣಿಜನ್ಯ ಪದಾರ್ಥವಿಲ್ಲದ್ದು) ಮಾಡಲು ದೊಡ್ಡ ಸಾಹಸವೇನೂ ಬೇಕಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅದು ಮೊದಲಿನಿಂದಲೂ ಕಾಯಿಹಾಲಿನದೇ. ಬಿಡಬೇಕಾದದ್ದು ಗೋಡಂಬಿ ಹುರಿಯುವ ತುಪ್ಪವೊಂದನ್ನೇ. ತೊಡಕಿರುವುದು ಹಾಲಿನ ಆಯ್ಕೆಯಲ್ಲಿ. ಕಾಯಿ ತುರಿದು, ರುಬ್ಬಿ, ಹಿಂಡುವಷ್ಟು ಪುರುಸೊತ್ತಿಲ್ಲದವರಿಗೆ ಅಂಗಡಿಯಲ್ಲಿ 200 ಮಿ.ಲೀ. ರಟ್ಟಿನ ಪ್ಯಾಕ್ ಇದೆ, 400 ಮಿ.ಲೀ. ತಗಡಿನ ಡಬ್ಬಿ ಇದೆ, ಪುಡಿ ಇದೆ. ಪಾಯಸದಲ್ಲಿ ಮೂರರ ಗುಣವೂ ಬೇರೆ.

ಹೋಲಿಸಲು ಒಂದೇ ಅಳತೆ ಇರಲಿ. ನಾಲ್ಕು ಜನಕ್ಕೆ 100 ಗ್ರಾಂ ಹೆಸರುಬೇಳೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬರಿದೇ ಹುರಿಯಿರಿ. ಘಮ ಬಂದು, ಅಲ್ಲೊಂದು ಇಲ್ಲೊಂದು ಕಾಳು ಕೆಂಪಾದರೆ ಸಾಕು; ಪೂರ್ತಿ ಕೆಂಪಾದ ಬೇಳೆ ಬೇಗ ಬೇಯುವುದಿಲ್ಲ, ಕಹಿಯೂ ಬರುತ್ತದೆ. ತೊಳೆದು, 350 ಮಿ.ಲೀ. ನೀರು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ. 90 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ, ಕಲ್ಲುಮಣ್ಣು ಜರಡಿಯಲ್ಲಿ ಉಳಿಯುತ್ತದೆ. ಬೇಳೆ ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೆಂದ ಮೇಲೆಯೇ ಬೆಲ್ಲ ಸೇರಬೇಕು. ಮೊದಲೇ ಹಾಕಿದರೆ ಬೇಳೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಪ್ರಯೋಜನ ಕಡಿಮೆ. ಸೌಟಿನ ಬೆನ್ನಿನಿಂದ ಅರ್ಧದಷ್ಟು ಬೇಳೆಯನ್ನು ಮಸೆದು, ಬೆಲ್ಲದ ಜೊತೆ ಐದು ನಿಮಿಷ ಕುದಿಸಿ. ಕೊನೆಗೆ 150 ಮಿ.ಲೀ. ದಪ್ಪ ಕಾಯಿಹಾಲು.

ಈ ಕೊನೆಯ ಹೆಜ್ಜೆಯಲ್ಲೇ ಹೆಚ್ಚಿನ ಪಾಯಸ ಕೆಡುವುದು. ಕಾಯಿಹಾಲೆಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಎಣ್ಣೆಹನಿಗಳು. ಅವನ್ನು ಬೇರೆ ಬೇರೆಯಾಗಿ ಹಿಡಿದಿಡುವುದು ಕಾಯಿಯ ಪ್ರೋಟೀನು. ಸುಮಾರು 80 ಡಿಗ್ರಿ ದಾಟಿದರೆ ಆ ಪ್ರೋಟೀನು ಗಟ್ಟಿಕಟ್ಟಲು ಶುರು. ಕೊತಕೊತ ಕುದಿಯುವ ಪಾಯಸಕ್ಕೆ ಹಾಲು ಸುರಿದು ಸುಮ್ಮನೆ ನೋಡಿ: ಮೊದಲು ಚಿರೋಟಿ ರವೆಯಂಥ ಬಿಳಿ ಕಣ, ಅದರ ಹಿಂದೆಯೇ ಮೇಲೆ ಎಣ್ಣೆಯ ಕಣ್ಣುಗಳು. ಹಾಗಾಗಿ ಉರಿ ಆರಿಸಿ, ಎರಡು ನಿಮಿಷ ಬಿಟ್ಟು, ಒಂದು ಸೌಟು ಬಿಸಿ ಪಾಯಸವನ್ನು ಮೊದಲು ಹಾಲಿಗೆ ಬೆರೆಸಿ, ಆಮೇಲೆ ಎಲ್ಲವನ್ನೂ ಪಾತ್ರೆಗೆ ಹಾಕಿ. ಮತ್ತೆ ಬಿಸಿ ಮಾಡಿದರೂ ಅಂಚಿನಲ್ಲಿ ಹಬೆ ಏಳುವಷ್ಟೇ. ಒಡೆದೇ ಹೋದರೆ ಎರಡು ಸೌಟು ಪಾಯಸವನ್ನು ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ ವಾಪಸ್ ಸೇರಿಸಿ. ಪೂರ್ತಿ ಸರಿಹೋಗದು, ಬಡಿಸುವಷ್ಟಾಗುತ್ತದೆ.

ರಟ್ಟಿನ ಪ್ಯಾಕ್ ನಮ್ಮ ಮೊದಲ ಆಯ್ಕೆ. ಒಂದು ಸಲದ ಪಾಯಸಕ್ಕೆ ಸರಿಯಾದ ಪ್ರಮಾಣ, ಹದವೂ ನಂಬುವಂಥದ್ದು. ಪ್ಯಾಕಿನ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಗೌರ್ ಗಮ್ ಎಂದಿದ್ದರೆ ಗಾಬರಿ ಬೇಡ, ಅದು ನಮ್ಮ ಗೋರಿಕಾಯಿಯ ಬೀಜದ್ದು. ಇಂಥ ಅಂಟು ಸೇರಿದ ಹಾಲು ಮನೆಯ ಹಾಲಿಗಿಂತ ಶಾಖ ತಡೆಯುತ್ತದೆ. ಕೊರತೆ ಪರಿಮಳದ್ದು: ಕಾರ್ಖಾನೆಯಲ್ಲಿ ಒಮ್ಮೆ ಚೆನ್ನಾಗಿ ಕಾಯಿಸಿರುತ್ತಾರಲ್ಲ, ಹಸಿ ಕಾಯಿಯ ಘಮ ಅಲ್ಲೇ ಹೋಗಿರುತ್ತದೆ. ಒಂದು ಚಮಚ ಎಳೆಕಾಯಿ ತುರಿಯನ್ನು ಮೇಲೆ ಉದುರಿಸಿದರೆ ಅದು ಮರಳಿ ಬರುತ್ತದೆ.

ತಗಡಿನ ಡಬ್ಬಿ ಹೊರದೇಶದ ಕನ್ನಡಿಗರಿಗೆ ಸುಲಭವಾಗಿ ಸಿಗುವಂಥದ್ದು. ಚಳಿಯ ಅಡುಗೆಮನೆಯಲ್ಲಿ ಕೊಬ್ಬು ಮೇಲೆ ಗಟ್ಟಿಕಟ್ಟಿ, ಕೆಳಗೆ ನೀರು ನಿಂತಿರುತ್ತದೆ. ಹಾಗೇ ಸುರಿದರೆ ಒಂದು ಲೋಟ ಜಿಡ್ಡು, ಇನ್ನೊಂದು ಸಪ್ಪೆ. ಡಬ್ಬಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಜೋರಾಗಿ ಕುಲುಕಿ ತೆರೆಯಿರಿ. ಕೊಬ್ಬಿನ ಅಂಕಿಯನ್ನೂ ನೋಡಿ: ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕಾಯಿಹಾಲಿಗೆ ಕನಿಷ್ಠ 10%, ಲೈಟ್ ಎಂಬುದಕ್ಕೆ 5%. ಕಾಫಿಗೆ, ಓಟ್ಸಿಗೆ ಹಾಕುವ ಕುಡಿಯುವ ತೆಂಗಿನ ಹಾಲು ಮಾತ್ರ ಬೇಡವೇ ಬೇಡ. ಅದರಲ್ಲಿ ನೀರೇ ಹೆಚ್ಚು, ಪಾಯಸ ಬೇಳೆಕಟ್ಟಿನಂತಾಗುತ್ತದೆ.

ಪುಡಿಯ ಬಗ್ಗೆ ಎಚ್ಚರ. ಪ್ರಯಾಣಕ್ಕೆ, ಹಾಸ್ಟೆಲಿಗೆ ಅನುಕೂಲ ನಿಜ, ಆದರೆ ಹಲವು ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನಿಂದ ತೆಗೆದ ಪ್ರೋಟೀನು. ಹಸಿರು ಚುಕ್ಕೆ ನೋಡಿ ಸಮಾಧಾನಪಡಬೇಡಿ, ಹಸಿರು ಚುಕ್ಕೆ ಸಸ್ಯಾಹಾರಕ್ಕೆ. ಹಾಲಿನ ಪದಾರ್ಥಕ್ಕೂ ಅದು ಇರುತ್ತದೆ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ವೀಗನ್ ಆಹಾರಕ್ಕೆಂದೇ 2022ರಲ್ಲಿ ನಿಯಮ ತಂದಿದೆ, ಅದರ ಗುರುತು ಹಸಿರು ‘ವಿ’ ಅಕ್ಷರ. ಹಾಲು ಅಲರ್ಜಿ ಇರುವವರಿಗೆ ಬಡಿಸುವಾಗ ಗುರುತಿದ್ದರೂ ಪದಾರ್ಥಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಲೇಬೇಕು. ಕಲಸುವಾಗ ಉಗುರುಬೆಚ್ಚಗಿನ ನೀರು ಬಳಸಿ. ಪುಡಿಯನ್ನು ನೇರ ಪಾಯಸಕ್ಕೆ ಉದುರಿಸಿದರೆ ಗಂಟು ಖಂಡಿತ.

ಹಬ್ಬಕ್ಕಾದರೆ ಮಾತ್ರ ಮನೆಯ ಹಾಲಿಗೆ ಸಾಟಿಯಿಲ್ಲ. ಒಂದು ಬಲಿತ ಕಾಯಿಯ ತುರಿಗೆ ಮುಕ್ಕಾಲು ಲೋಟ ಬೆಚ್ಚನೆ ನೀರು ಹಾಕಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ. ಅದೇ ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ತೆಗೆದ ಎರಡನೇ ಹಾಲನ್ನು, ಬೆಲ್ಲ ಕರಗಿಸುವ ನೀರಿನ ಬದಲಿಗೆ ಬಳಸಿ. ಮನೆಯ ಹಾಲಿಗೆ ಅಂಟಿನ ಆಸರೆ ಇಲ್ಲವಾದ್ದರಿಂದ ಬೇಗ ಒಡೆಯುತ್ತದೆ, ಬೇಗ ಹುಳಿಯುತ್ತದೆ.

ಇನ್ನು ಆರೋಗ್ಯದ ಮಾತು. ವೀಗನ್ ಆದ ಮಾತ್ರಕ್ಕೆ ಪಾಯಸ ಹಗುರವಾಗುವುದಿಲ್ಲ. 17% ಕೊಬ್ಬಿನ ಹಾಲು 150 ಮಿ.ಲೀ. ಹಾಕಿದರೆ ಸುಮಾರು 25 ಗ್ರಾಂ ಕೊಬ್ಬು, ಅದರಲ್ಲಿ ಹೆಚ್ಚಿನದು ಸ್ಯಾಚುರೇಟೆಡ್, ಅಂದರೆ ಮಿತವಾಗಿ ತಿನ್ನಬೇಕಾದ ಬಗೆಯದು. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ. ಸಾಮಾನ್ಯವಾಗಿ ಇಷ್ಟೇ ಬೇಳೆಗೆ 150 ಗ್ರಾಂ ಬೆಲ್ಲ ಬೀಳುತ್ತದೆ. 90ಕ್ಕೆ ಇಳಿಸಿದರೂ ತಲೆಗೆ 22 ಗ್ರಾಂ. ದಿನದ ಸಕ್ಕರೆ ಸುಮಾರು 25 ಗ್ರಾಮಿಗಿಂತ ಕಡಿಮೆಯಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಬಟ್ಟಲಿಗೆ ನಿಲ್ಲಿಸಬೇಕು. ಲಾಭವಿರುವುದು ಬೇಳೆಯಲ್ಲಿ: 100 ಗ್ರಾಮಿಗೆ ಸುಮಾರು 24 ಗ್ರಾಂ ಪ್ರೋಟೀನು. ಬೆಲ್ಲ ಕಡಿಮೆಯಾದದ್ದು ನಾಲಿಗೆಗೆ ತಿಳಿಯದಿರಲು ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ, ಕಾಲು ಚಮಚ ಒಣಶುಂಠಿ ಪುಡಿ ಹಾಕಿ, ಬೆಚ್ಚಗೆ ಬಡಿಸಿ. ತಣ್ಣಗಾದರೆ ಸಿಹಿ ಸಪ್ಪೆಯೆನಿಸುತ್ತದೆ.

ಗೋಡಂಬಿಗೆ ಒಂದು ಚಮಚ ಗಾಣದ ಕೊಬ್ಬರಿ ಎಣ್ಣೆ ಸಾಕು. ಪ್ಯಾಕಿನಲ್ಲಿ ಉಳಿದ 50 ಮಿ.ಲೀ. ಹಾಲನ್ನು ಗಾಜಿನ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಸಾರಿಗೋ ಪಲ್ಯಕ್ಕೋ ಮುಗಿಸಿ. ಮರುದಿನ ಪಾಯಸ ಗಟ್ಟಿಯಾಗಿದ್ದರೆ ಮೊದಲು ಕಾಲು ಲೋಟ ಬಿಸಿನೀರು ಬೆರೆಸಿ ಸಡಿಲ ಮಾಡಿ, ಆಮೇಲೆ ಸಣ್ಣ ಉರಿಗಿಡಿ.