ಹಕ್ ಫಿನ್: ಕೊಳ್ಳುವಾಗ ಯಾವ ಪ್ರತಿ ಅಂತ ನೋಡಿ ಕೊಳ್ಳಿ

ಮಾರ್ಕ್ ಟ್ವೇನ್‌ನ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ಕಾದಂಬರಿ ಅಮೆರಿಕದಲ್ಲಿ ಬಂದದ್ದು 1885ರಲ್ಲಿ. ಮೂಲದಲ್ಲಿ 43 ಅಧ್ಯಾಯ. ಮಕ್ಕಳಿಗೆಂದು ಮೊಟಕು ಮಾಡಿದ ಪ್ರತಿ ಸಿಕ್ಕರೆ, ಕಥಾನಾಯಕ ಹುಡುಗ ಹಕ್, ಓಡಿಬಂದ ಗುಲಾಮ ಜಿಮ್ ಎಲ್ಲಿದ್ದಾನೆಂದು ಅವನ ಒಡತಿಗೆ ತಿಳಿಸಲು ಬರೆದ ಪತ್ರವನ್ನು ಹರಿಯುವ ಪ್ರಸಂಗ (ಮೂಲದ 31ನೇ ಅಧ್ಯಾಯ) ಉಳಿದಿದೆಯೇ ನೋಡಿ. ಇಲ್ಲದಿದ್ದರೆ ದುಡ್ಡು ದಂಡ.

ಹುಡುಗನ ಸ್ವಾತಂತ್ರ್ಯ ಬರೀ ತಿರುಗಾಟವಲ್ಲ, ಅಚ್ಚುಕಟ್ಟಾದ ಕೆಲಸ. 7ನೇ ಅಧ್ಯಾಯ ನಿಧಾನವಾಗಿ ಓದಿ: ಅಪ್ಪ ಕೂಡಿಹಾಕಿದ ಗುಡಿಸಲಿನ ದಿಮ್ಮಿ ಕೊಯ್ದ ಕಿಂಡಿಯಿಂದ ಹೊರಬೀಳುತ್ತಾನೆ, ಜೋಳದ ಹಿಟ್ಟು, ಹಂದಿಮಾಂಸ ದೋಣಿಗೆ ಸಾಗಿಸುತ್ತಾನೆ, ಕೊಡಲಿಯಿಂದ ಬಾಗಿಲು ಒಡೆಯುತ್ತಾನೆ. ಕಾಡುಹಂದಿಯ ರಕ್ತವನ್ನು ಮಣ್ಣಿನ ನೆಲಕ್ಕೆ ಹರಿಸಿ, ಕಲ್ಲು ತುಂಬಿದ ಚೀಲವನ್ನು ಹೊಳೆವರೆಗೂ ಎಳೆದು, ತನ್ನದೇ ಕೂದಲು ಕಿತ್ತು ಕೊಡಲಿಗೆ ಅಂಟಿಸುತ್ತಾನೆ. ಕೊಲೆಯಾದನೆಂದು ಊರೇ ನಂಬಬೇಕು!

ತೆಪ್ಪದಲ್ಲಿ ಜೊತೆಗಿರುವ ಜಿಮ್ ಮೇಲಿನ ನಿಷ್ಠೆ ಮಾತ್ರ ತಡವಾಗಿ ಬರುತ್ತದೆ. ಮಂಜಿನ ರಾತ್ರಿ ಜಿಮ್‌ನನ್ನು ಮೂರ್ಖನನ್ನಾಗಿಸಿ, ಆಮೇಲೆ ಕ್ಷಮೆ ಕೇಳಲು ಕಾಲು ಗಂಟೆ ಬೇಕಾಗುತ್ತದೆ. ಮುಂದಿನ ಅಧ್ಯಾಯದಲ್ಲಿ ಅವನನ್ನು ಹಿಡಿದುಕೊಡಲೆಂದೇ ಹೊರಟವನು, ತೆಪ್ಪದಲ್ಲಿ ಸಿಡುಬಿದೆ ಎಂಬ ಗುಮಾನಿ ಹುಟ್ಟಿಸಿ ಓಡಿಹೋದ ಗುಲಾಮರ ಬೇಟೆಗಾರರನ್ನು ಓಡಿಸುತ್ತಾನೆ. ಅವರೇ ಇಪ್ಪತ್ತು ಡಾಲರಿನ ಎರಡು ಚಿನ್ನದ ನಾಣ್ಯ ಕೊಟ್ಟು ಹೋಗುತ್ತಾರೆ.

ಗೆಳೆಯ ಟಾಮ್ ಸಾಯರ್ ಬಂದ ಮೇಲೆ ಕೊನೆಯ ಭಾಗ ಸೊರಗುತ್ತದೆ, ಹಕ್ ಹಿಂಬಾಲಕನಾಗಿಬಿಡುತ್ತಾನೆ.

ಕಪ್ಪು ಜನರನ್ನು ಹೀಯಾಳಿಸುವ ಜನಾಂಗನಿಂದೆಯ ಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. 2011ರ ಒಂದು ಆವೃತ್ತಿ ಅದನ್ನು ‘ಗುಲಾಮ’ ಎಂದು ತಿದ್ದಿದೆ. ಹಕ್ ಮೀರಬೇಕಾದ ಪರಿಸರವೇ ಅದರಿಂದ ಪೇಲವ. ಮೊದಲ ಆವೃತ್ತಿಯ ಚಿತ್ರಕಾರ ಕೆಂಬಲ್‌ನ ಚಿತ್ರಗಳಿರುವ ಪೂರ್ಣ ಪ್ರತಿ ಕೊಳ್ಳಿ, ಆಡುಭಾಷೆಯ ಸಂಭಾಷಣೆ ತೊಡಕೆನಿಸಿದರೆ ಗಟ್ಟಿಯಾಗಿ ಓದಿ.