ಹಳೆಯ ಕಂಪ್ಯೂಟರಿಗೆ ಡ್ರೈವರ್: ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಬಳಸಿದ ಅನುಭವ

ಹಳೆಯ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಹಾಕಿ ಮತ್ತೆ ಬಳಕೆಗೆ ತರುವಾಗ, ಡ್ರೈವರ್‌ಗಾಗಿ (ವೈಫೈ, ಧ್ವನಿಯಂಥ ಭಾಗಗಳನ್ನು ವಿಂಡೋಸ್ ಬಳಸುವಂತೆ ಮಾಡುವ ಪ್ರೋಗ್ರಾಂ) ನಾನು ವರ್ಷಗಳಿಂದ ನೆಚ್ಚಿಕೊಂಡಿರುವುದು, ಅಪ್‌ಡೇಟ್ ಮತ್ತು ಡ್ರೈವರ್‌ಗಳನ್ನು ಹುಡುಕಿ ಇಳಿಸಿಕೊಳ್ಳಬಹುದಾದ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣವನ್ನು. ಹಣ ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಒಂದು ಕಾಲಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ತೆರೆಯದಿದ್ದ ತಾಣ ಈಗ ಎಲ್ಲ ಬ್ರೌಸರ್‌ಗಳಲ್ಲೂ ತೆರೆಯುತ್ತದೆ.

ಲ್ಯಾಪ್‌ಟಾಪ್ ಮಾದರಿಯ ಹೆಸರು ಕೊಟ್ಟು ಹುಡುಕಿದರೆ ಇಲ್ಲಿ ನಿರಾಶೆಯೇ. ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಿದ್ದಿರುವ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ವಿಭಾಗದಿಂದ ಹಾರ್ಡ್‌ವೇರ್ ಐಡಿಯನ್ನು, ಅಂದರೆ ಆ ಸಾಧನದ ಗುರುತಿನ ಸಾಲನ್ನು, ನಕಲು ಮಾಡಿಕೊಳ್ಳಬೇಕು. ಅದರಲ್ಲಿ ‘ವೆನ್’ (VEN) ನಂತರದ ನಾಲ್ಕು ಅಕ್ಷರಗಳು ಚಿಪ್ ತಯಾರಿಸಿದವರನ್ನು ಹೇಳುತ್ತವೆ: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್. ‘ಡೆವ್’ (DEV) ನಂತರದ್ದು ಚಿಪ್‌ನ ಗುರುತು. ತಾಣದಲ್ಲಿ ಹುಡುಕಲು ಈ ಎರಡು ಭಾಗ ಸಾಕು. ಉದ್ದನೆಯ ಐಡಿಯನ್ನು ಇಡಿಯಾಗಿ ಹಾಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಫಲಿತಾಂಶದಲ್ಲಿ ಇಂಟೆಲ್ ಚಿಪ್‌ಸೆಟ್ ಡ್ರೈವರ್‌ಗೆ 1968ರ ಜುಲೈ 18 ಎಂಬ ದಿನಾಂಕ ಕಂಡರೆ ಗಾಬರಿ ಬೇಡ. ಅದು ಇಂಟೆಲ್ ಸ್ಥಾಪನೆಯಾದ ದಿನ. ಬೇರೆ ಡ್ರೈವರ್ ಇರುವಲ್ಲಿ ತನ್ನದು ಅದನ್ನು ಪಕ್ಕಕ್ಕೆ ಸರಿಸಬಾರದೆಂದು ಕಂಪನಿಯೇ ಬೇಕೆಂದು ಹಾಗೆ ನಮೂದಿಸಿದೆ.

ನನಗೆ ಅತಿ ಮುಖ್ಯವಾದದ್ದು ಸುರಕ್ಷತೆ. ಡ್ರೈವರ್ ಎಂದರೆ ಕಂಪ್ಯೂಟರಿನ ತಿರುಳಿನಲ್ಲೇ ಓಡುವ ಪ್ರೋಗ್ರಾಂ. ಅದರಲ್ಲಿ ಕಲಬೆರಕೆ ಇದ್ದರೆ ಆಂಟಿವೈರಸ್ ಕೂಡ ಕೈಚೆಲ್ಲಬಹುದು. ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್’ ಎನ್ನುವ ಪ್ರೋಗ್ರಾಂಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಸಿಗುವುದು ಕ್ಯಾಬ್ ಫೈಲ್, ಅಂದರೆ ಬರಿಯ ಕಟ್ಟು; ತಾನಾಗಿ ಏನೂ ಓಡುವುದಿಲ್ಲ. ಫೈಲ್ ಹೆಸರಿನ ಕೊನೆಯಲ್ಲಿರುವ 40 ಅಕ್ಷರಗಳೇ ಅದರ ಎಸ್‌ಎಚ್‌ಎ-1 ಮೊತ್ತ, ಅಂದರೆ ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತು. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಲೆಕ್ಕ ಹಾಕಿ ಹೋಲಿಸಿದರೆ ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದೆಯೇ ಎಂದು ತಿಳಿಯುತ್ತದೆ. ಆದರೆ ಇದಷ್ಟೇ ಸಾಲದು, ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಕ್ಯಾಬ್ ಬಿಚ್ಚಿದ ಮೇಲೆ ಒಳಗಿನ ಕ್ಯಾಟ್ ಫೈಲ್ (ಡ್ರೈವರ್‌ನ ಸಹಿ ಇರುವ ಫೈಲ್) ತೆರೆದು ಡಿಜಿಟಲ್ ಸಹಿ ನೋಡಿ. ‘ಮೈಕ್ರೋಸಾಫ್ಟ್ ವಿಂಡೋಸ್ ಹಾರ್ಡ್‌ವೇರ್ ಕಂಪ್ಯಾಟಿಬಿಲಿಟಿ ಪಬ್ಲಿಷರ್’ ಎಂಬ ಹೆಸರಿದ್ದು, ಸಹಿ ಸರಿಯಿದೆ ಎಂದು ವಿಂಡೋಸ್ ಹೇಳಿದರೆ ನಾನು ಮುಂದುವರಿಯುತ್ತೇನೆ. ವಿಂಡೋಸ್ 7 ಇದ್ದವರು ಮೊದಲು ಕೆಬಿ4474419 ಅಪ್‌ಡೇಟ್ ಹಾಕಿಕೊಳ್ಳಬೇಕು. ಇಲ್ಲವಾದರೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಸಹಿಗಳು ಅದಕ್ಕೆ ಅರ್ಥವಾಗುವುದಿಲ್ಲ.

ಕೊರತೆಗಳೂ ಇವೆ. ಒಂದೇ ಹೆಸರಿನ ಹತ್ತಾರು ಸಾಲುಗಳು ಬರುತ್ತವೆ, ಯಾವುದು ಯಾವ ಯಂತ್ರಕ್ಕೆ ಎಂಬ ವಿವರಣೆ ಇರುವುದಿಲ್ಲ. ಅದಕ್ಕಿಂತ ಚಿಂತೆಯ ಸಂಗತಿ, ವಿಂಡೋಸ್ ಅಪ್‌ಡೇಟ್‌ನಿಂದ ಹಳೆಯ ಡ್ರೈವರ್‌ಗಳನ್ನು ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಪ್ರಕಟಿಸಿದೆ. ನಿಮ್ಮ ಯಂತ್ರ ಇವತ್ತು ಸರಿಯಾಗಿ ಓಡುತ್ತಿದ್ದರೆ, ವಿಂಡೋಸ್‌ನಲ್ಲಿ ಡ್ರೈವರ್‌ಗಳನ್ನು ನಿರ್ವಹಿಸುವ ಪಿಎನ್‌ಪಿಯುಟಿಲ್ ಆಜ್ಞೆಯ ಎಕ್ಸ್‌ಪೋರ್ಟ್ ಆಯ್ಕೆಯಿಂದ ಅದರ ಡ್ರೈವರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಈಗಲೇ ತೆಗೆದಿಟ್ಟುಕೊಳ್ಳಿ.